ಕಟ್ಟುವವನ ಪರವಾನಿಗೆ ಮತ್ತು ಕಟ್ಟಡದ ಪರವಾನಿಗೆ: ನಿಫಾಡ್ ತಾಲೂಕಿನ ನಿದರ್ಶನ

೧

ಪರವಾನಿಗೆ ಎಂಬ ಶಬ್ದವು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸ್ವಲ್ಪ ಉಚ್ಚಾರಭೇದದೊಡನೆ ರೂಢಿಯಲ್ಲಿದೆ. ಅಪ್ಪಣೆಯ ಪತ್ರವೆಂಬ ಅರ್ಥದ ಪಾರಸಿ ಶಬ್ದದಿಂದ ಅದು ದಖ್ಖನಿನ ದಫ್ತರಗಳಿಗೆ ಬಂದು ನೆಲೆಸಿತು. ಆದರೆ ಈ ಒಂದೇ ಶಬ್ದದಲ್ಲಿ ಎರಡು ಭಿನ್ನ ಸಂಗತಿಗಳು ಅಡಗಿವೆ. ಮೋಟಾರು ನಡೆಸುವವನು ಪಡೆಯುವುದೂ ಪರವಾನಿಗೆಯೇ. ಮನೆ ಕಟ್ಟಿಸುವವನು ಪಡೆಯುವುದೂ ಪರವಾನಿಗೆಯೇ. ಮೊದಲನೆಯದು ವ್ಯಕ್ತಿಗೆ ಸಲ್ಲುತ್ತದೆ. ಈತನಿಗೆ ಈ ಕೆಲಸ ಬರುತ್ತದೆಯೆಂದು ಸರಕಾರವು ಪರೀಕ್ಷಿಸಿ ಒಪ್ಪಿದುದರ ಕುರುಹು ಅದು. ಎರಡನೆಯದು ಕೆಲಸಕ್ಕೆ ಸಲ್ಲುತ್ತದೆ. ಈ ನೆಲದ ಮೇಲೆ, ಈ ನಕಾಶೆಯಂತೆ, ಇಷ್ಟು ಎತ್ತರದವರೆಗೆ ಕಟ್ಟಬಹುದೆಂಬ ಅನುಮತಿ ಅದು. ಗೋಡೆಯನ್ನು ಎಬ್ಬಿಸುವ ಕೈ ಯಾರದೆಂಬುದನ್ನು ಅದು ವಿಚಾರಿಸುವುದಿಲ್ಲ.

ಪರನಾಡಿನಲ್ಲಿ ನೆಲೆನಿಂತ ಕನ್ನಡಿಗನು ತುಂಡು ಭೂಮಿಯನ್ನು ಕೊಂಡು ಮನೆ ಕಟ್ಟಿಸಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ಈ ಗುತ್ತಿಗೆದಾರನಿಗೆ ಪರವಾನಿಗೆ ಇದೆಯೇ ಎಂಬುದು. ಇದೆ ಎಂಬ ಉತ್ತರವೂ ಬರುತ್ತದೆ. ಒಂದು ಕಾಗದವೂ ಮುಂದೆ ಬರುತ್ತದೆ. ಆ ಕಾಗದವು ತೆರಿಗೆ ಇಲಾಖೆಯ ನೋಂದಣಿಪತ್ರವಾಗಿರಬಹುದು, ಲೋಕೋಪಯೋಗಿ ಇಲಾಖೆಯ ದರ್ಜೆಯ ಪತ್ರವಾಗಿರಬಹುದು, ಅಂಗಡಿ ಕಾಯಿದೆಯ ದಾಖಲೆಯಾಗಿರಬಹುದು. ಇವುಗಳಲ್ಲಿ ಯಾವುದೂ ಆತನು ಖಾಸಗಿ ಮನೆ ಕಟ್ಟಲು ಅರ್ಹನೆಂದು ಸಾರುವ ಪತ್ರವಲ್ಲ. ಅಂಥ ಪತ್ರವೊಂದು ಮಹಾರಾಷ್ಟ್ರದಲ್ಲಿಲ್ಲ, ಕರ್ನಾಟಕದಲ್ಲಿಯೂ ಇಲ್ಲ. ಈ ಅಭಾವದಿಂದ ಯಾರ ಮೇಲೆ ಯಾವ ಹೊಣೆ ಬೀಳುತ್ತದೆ, ಕಾನೂನು ಕಟ್ಟುವವನನ್ನು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂಬುದನ್ನು ನಾಸಿಕ ಜಿಲ್ಲೆಯ ನಿಫಾಡ್ ತಾಲೂಕನ್ನು ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಈ ಭೇದವು ಇಂದಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆಯ ವಿಚಾರವೂ ಕಟ್ಟುವವನ ವಿಚಾರವೂ ಬೇರೆ ಬೇರೆ ಕಡೆಗಳಲ್ಲಿ ಬರುತ್ತವೆ. ಎರಡು ಮನೆಗಳ ನಡುವಿನ ತೆರಪು, ನೀರು ಹರಿಯುವ ಕಾಲುವೆ, ನೆರೆಮನೆಗೆ ಬಾಧೆಯಾಗದಂತೆ ಕಿಟಕಿಯಿಡುವ ಕ್ರಮ ಇವೆಲ್ಲ ವ್ಯವಹಾರ ನಿರ್ಣಯಕ್ಕೆ ಮೀಸಲಾದ ಮೂರನೆಯ ಅಧಿಕರಣದಲ್ಲಿವೆ. ಕಾರುಕರು, ಎಂದರೆ ಕೈಗೆಲಸದವರು, ಕಾಣಿಸಿಕೊಳ್ಳುವುದು ನಾಲ್ಕನೆಯ ಅಧಿಕರಣದ ಆರಂಭದಲ್ಲಿ. ಒಪ್ಪಿದ ಕಾಲದಲ್ಲಿ, ಒಪ್ಪಿದ ಸ್ಥಳದಲ್ಲಿ ಕೆಲಸವನ್ನು ಮುಗಿಸದವನಿಗೆ ಕೂಲಿಯ ಕಡಿತವನ್ನೂ ದಂಡವನ್ನೂ ಅಲ್ಲಿ ವಿಧಿಸಿದೆ. ಆ ಅಧಿಕರಣದ ಹೆಸರು ಕಂಟಕಶೋಧನ; ಮುಳ್ಳುಗಳನ್ನು ಹುಡುಕಿ ಕೀಳುವುದು ಎಂದರ್ಥ. ಮನೆಗೆ ನಿಯಮವಿದೆ, ಕಟ್ಟುವವನಿಗೆ ದಂಡವಿದೆ. ಆದರೂ ಕಾರುಕರ ಶ್ರೇಣಿಯು ತನ್ನವರ ಪರವಾಗಿ ಹೊಣೆ ನಿಲ್ಲುವ ವ್ಯವಸ್ಥೆಯನ್ನು ಆ ಗ್ರಂಥವು ಬಲ್ಲದು. ಶ್ರೇಣಿಗಳು ಅಳಿದ ಬಳಿಕ ಆ ಹೊಣೆಯನ್ನು ಹೊರುವವರು ಯಾರೆಂಬ ಪ್ರಶ್ನೆ ಇಂದಿಗೂ ಉಳಿದಿದೆ.

ಕನ್ನಡದ ಗುತ್ತಿಗೆ ಎಂಬ ಪದದ ಚರಿತ್ರೆಯೂ ಇದಕ್ಕೆ ಪೋಷಕವಾಗಿದೆ. ಶಾಸನಗಳಲ್ಲಿ ಬರುವ ಗುತ್ತಗೆಯು ಭೂಮಿಯನ್ನು ಗೊತ್ತಾದ ಮೊತ್ತಕ್ಕೆ ವಹಿಸಿಕೊಡುವ ಕರಾರಿನ ಹೆಸರು. ಕಟ್ಟಡಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲಬುರಗಿ ಸೀಮೆಯಲ್ಲಿ ಗುತ್ತೇದಾರ ಎಂಬುದು ಮನೆತನದ ಹೆಸರಾಗಿಯೇ ಉಳಿದಿದೆ. ಗುತ್ತಿಗೆದಾರನೆಂದರೆ ಹೀಗೆ ಮೂಲತಃ ಮೊತ್ತಕ್ಕೆ ಹೊಣೆಯಾದವನೇ ಹೊರತು ಕುಶಲಕರ್ಮಿಯಲ್ಲ. ಕುಶಲಕರ್ಮಿಯನ್ನು ಸೂಚಿಸಲು ಬೇರೆ ಶಬ್ದಗಳಿವೆ. ಶಾಸನಗಳ ರೂವಾರಿ ಮತ್ತು ಓಜರನ್ನು ಬಿಟ್ಟು ಇಂದಿನ ಬಳಕೆಗೆ ಬಂದರೆ, ಧಾರವಾಡದವನು ಗೌಂಡಿ ಎನ್ನುವುದನ್ನು ನಿಫಾಡಿನವನು ಗವಂಡಿ ಎನ್ನುತ್ತಾನೆ. ಸಣ್ಣ ಊರುಗಳಲ್ಲಿ ಗೌಂಡಿಯೇ ಗುತ್ತಿಗೆದಾರನೂ ಆಗಿರುತ್ತಾನೆ. ಆದರೆ ಕಾನೂನಿನ ಪುಸ್ತಕದಲ್ಲಿ ಅವರಿಬ್ಬರೂ ಒಂದೇ ಅಲ್ಲ. ಗುತ್ತಿಗೆದಾರನಿಗೆ ಅಲ್ಲಿ ಒಂದೆರಡು ಕಡೆ ಸ್ಥಾನವುಂಟು, ಗೌಂಡಿಗೆ ಎಲ್ಲಿಯೂ ಇಲ್ಲ.

೩

ನಿಫಾಡ್ ತಾಲೂಕು ಗೋದಾವರಿ ಮತ್ತು ಕಾದವಾ ನದಿಗಳ ಬಯಲು. ಈರುಳ್ಳಿಯ ಪೇಟೆಗೆ ಪ್ರಸಿದ್ಧವಾದ ಲಾಸಲಗಾಂವ, ದ್ರಾಕ್ಷಿಗೆ ಹೆಸರಾದ ಪಿಂಪಳಗಾಂವ ಬಸವಂತ ಇವೆರಡೂ ಈ ತಾಲೂಕಿಗೆ ಸೇರಿದುವು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ೧೮೪೨ರಲ್ಲಿ ಜನಿಸಿದುದು ನಿಫಾಡಿನಲ್ಲಿಯೇ. ಇದೇ ಜಿಲ್ಲೆಯೊಡನೆ ಕನ್ನಡಿಗರಿಗೆ ಇನ್ನೊಂದು ಸಂಬಂಧವುಂಟು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದಾಗ ಅವರ ಆರಂಭದ ಕೆಲಸ ನಡೆದುದು ನಾಸಿಕ ಮತ್ತು ಖಾನದೇಶಗಳಲ್ಲಿ. ಸರಕಾರೀ ಗುತ್ತಿಗೆಯ ಅಳತೆ ಪುಸ್ತಕ, ದರಪಟ್ಟಿ, ಟೆಂಡರು ಮುಂತಾದ ಪದ್ಧತಿಗಳು ಈ ಪ್ರದೇಶದಲ್ಲಿ ಬೇರೂರಿದುದು ಆ ಇಲಾಖೆಯ ಮೂಲಕವೇ.

ಆಡಳಿತದ ವಂಶವೃಕ್ಷವನ್ನು ನೋಡಿದರೆ ನಿಫಾಡ್ ಕನ್ನಡಿಗರಿಗೆ ಪರಕೀಯವಲ್ಲ. ೧೯೫೬ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳೂ ನಾಸಿಕವೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಎಲ್ಲಕ್ಕೂ ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆಯೇ ಆಧಾರ. ತಲಾಟಿ, ಗಾವಠಾಣ, ಉತಾರ, ಬಿನ್‌ಶೇತಕಿ ಎಂಬ ಶಬ್ದಗಳು ಎರಡೂ ಕಡೆ ಒಂದೇ ದಫ್ತರದಿಂದ ಹೊರಟವು. ನೆರೆಯ ಛತ್ರಪತಿ ಸಂಭಾಜಿನಗರವು, ೨೦೨೩ರವರೆಗೆ ಔರಂಗಾಬಾದು ಎನಿಸಿದ್ದುದು, ಬೀದರ ಕಲಬುರಗಿಗಳಂತೆ ನಿಜಾಮನ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಮುಂಬಯಿ ರಾಜ್ಯವನ್ನು ಸೇರಿತು. ಆದುದರಿಂದ ನಿಫಾಡಿನ ಕಾಗದಪತ್ರವು ಧಾರವಾಡದವನಿಗೆ ಪರಿಚಿತ; ಗೋದಾವರಿಯ ಕೆಳದಂಡೆಯ ಮರಾಠವಾಡಾದ ಹಳೆಯ ದಾಖಲೆಗಳು ಕಲಬುರಗಿಯವನಿಗೆ ಪರಿಚಿತ. ಮುಂದೆ ಕರ್ನಾಟಕದ ೧೯೬೪ರ ಭೂಕಂದಾಯ ಕಾಯಿದೆಯೂ ಮಹಾರಾಷ್ಟ್ರದ ೧೯೬೬ರ ಭೂಕಂದಾಯ ಸಂಹಿತೆಯೂ ಬೇರೆ ಬೇರೆಯಾಗಿ ರೂಪುಗೊಂಡರೂ, ಸಾಗುವಳಿಯ ಭೂಮಿಯಲ್ಲಿ ತನ್ನಿಚ್ಛೆಯಂತೆ ಕಟ್ಟಡವನ್ನೆಬ್ಬಿಸಲಾಗದು ಎಂಬ ತತ್ತ್ವವು ಎರಡರಲ್ಲಿಯೂ ಮುಂದುವರಿಯಿತು.

೪

ಮೊದಲು ಕಟ್ಟಡದ ಪರವಾನಿಗೆಯ ಕ್ರಮವನ್ನು ನೋಡಬಹುದು. ಅದರ ಮೂಲ ೧೯೬೬ರ ಮಹಾರಾಷ್ಟ್ರ ಪ್ರಾದೇಶಿಕ ಹಾಗೂ ನಗರ ರಚನಾ ಅಧಿನಿಯಮ. ವಿವರವಾದ ನಿಯಮಗಳು ಹಿಂದೆ ಊರೂರಿಗೆ ಬೇರೆಯಾಗಿದ್ದವು. ೨೦೨೦ರ ಡಿಸೆಂಬರಿನಿಂದ ಮುಂಬಯಿ ಮಹಾನಗರವೇ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟು ರಾಜ್ಯಕ್ಕೆಲ್ಲ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯೊಂದು ಜಾರಿಗೆ ಬಂದಿತು.

ಅರ್ಜಿದಾರನು ಎದುರಿಸುವ ಮೊದಲನೆಯ ತೊಡಕು ಅಧಿಕಾರಿ ಯಾರೆಂಬುದು. ನಿಫಾಡ್ ಪಟ್ಟಣದೊಳಗೆ ಅದು ನಗರ ಪಂಚಾಯತ. ಹಳ್ಳಿಯ ಗಾವಠಾಣದೊಳಗೆ ೧೯೫೮ರ ಗ್ರಾಮಪಂಚಾಯತ ಕಾಯಿದೆಯ ೫೨ನೆಯ ಕಲಮಿನಂತೆ ಕಟ್ಟಡದ ಮೇಲಿನ ಹತೋಟಿಯು ಗ್ರಾಮಪಂಚಾಯತಿಗೆ ಸೇರಿದೆ. ಗಾವಠಾಣದ ಹೊರಗೆ ಪ್ರಾದೇಶಿಕ ಯೋಜನೆಯ ಭೂಮಿಯಲ್ಲಿ ಜಿಲ್ಲಾಧಿಕಾರಿಯ ಅಧಿಕಾರ. ನಾಸಿಕ ನಗರಕ್ಕೆ ಸಮೀಪದ ಹಳ್ಳಿಗಳಲ್ಲಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರದ ಅಧಿಕಾರ. ಒಂದೇ ರಸ್ತೆಯ ಎರಡು ಮಗ್ಗುಲುಗಳಿಗೆ ಇಬ್ಬರು ಅಧಿಕಾರಿಗಳಿರುವುದು ಸಾಧ್ಯ. ತಪ್ಪು ಕಚೇರಿಯಿಂದ ಪಡೆದ ಅನುಮತಿಯು ಅನುಮತಿಯೇ ಅಲ್ಲ. ಗ್ರಾಮಪಂಚಾಯತಿಯ ಒಂದು ಪತ್ರವನ್ನು ನಂಬಿ ಗಾವಠಾಣದ ಹೊರಗೆ ಮನೆ ಕಟ್ಟಿದವನು, ಆ ಮನೆಯನ್ನು ಮಾರುವಾಗಲೋ ಸಾಲಕ್ಕೆ ಅರ್ಜಿಯಿಡುವಾಗಲೋ ಈ ಸತ್ಯವನ್ನು ಅರಿಯುತ್ತಾನೆ.

ಎರಡನೆಯದು ಭೂಮಿಯ ದಾಖಲೆ. ಏಳು-ಹನ್ನೆರಡು ಉತಾರದಲ್ಲಿ ಹಕ್ಕುದಾರನ ಹೆಸರು, ಮೋಜಣಿಯ ನಕ್ಷೆಯಲ್ಲಿ ಗಡಿ, ಕೃಷಿಯೇತರ ಬಳಕೆಗೆ ಒಪ್ಪಿಗೆ ಇವು ಬೇಕು. ೨೦೧೪ರಿಂದೀಚೆಗೆ ಭೂಕಂದಾಯ ಸಂಹಿತೆಗೆ ತಂದ ತಿದ್ದುಪಡಿಗಳಿಂದ, ಅಭಿವೃದ್ಧಿ ಯೋಜನೆಯೊಳಗಿನ ಮತ್ತು ಗಾವಠಾಣಕ್ಕೆ ಹೊಂದಿದ ಭೂಮಿಗಳಿಗೆ ಪ್ರತ್ಯೇಕ ಬಿನ್‌ಶೇತಕಿ ಆಜ್ಞೆಯ ಅಗತ್ಯವು ಹಂತಹಂತವಾಗಿ ಕಡಿಮೆಯಾಗಿದೆ. ಆದರೆ ಸಲ್ಲಬೇಕಾದ ಹಣವನ್ನು ತುಂಬಿ ಬಳಕೆಯ ಬದಲಾವಣೆಯನ್ನು ದಾಖಲೆಗೆ ಏರಿಸುವ ಹೊಣೆ ಮಾಲೀಕನ ಮೇಲೆಯೇ ಇದೆ.

ಮೂರನೆಯದು ನಕಾಶೆ. ವ್ಯಕ್ತಿಯ ಯೋಗ್ಯತೆಯ ಪ್ರಶ್ನೆ ಬರುವುದು ಇಲ್ಲಿ. ಆದರೆ ಆ ವ್ಯಕ್ತಿ ಗುತ್ತಿಗೆದಾರನಲ್ಲ. ನಕಾಶೆಗೆ ರುಜು ಹಾಕುವವನು ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ ನೋಂದಾಯಿತನಾದ ಆರ್ಕಿಟೆಕ್ಟನಾಗಿರಬೇಕು, ಇಲ್ಲವೆ ಪ್ರಾಧಿಕಾರದಿಂದ ಲೈಸೆನ್ಸು ಪಡೆದ ಎಂಜಿನಿಯರನೋ ಮೇಲ್ವಿಚಾರಕನೋ ಆಗಿರಬೇಕು. ಮೇಲ್ವಿಚಾರಕನಿಗಾದರೆ ನಿವೇಶನದ ಕ್ಷೇತ್ರಕ್ಕೂ ಮಹಡಿಗಳ ಸಂಖ್ಯೆಗೂ ಮಿತಿಯಿದೆ. ಕಾನೂನಿನ ದೃಷ್ಟಿಯಲ್ಲಿ ಲೇಖನಿ ಹಿಡಿದವನಿಗೆ ಲೈಸೆನ್ಸು ಬೇಕು. ಕರಣೆ ಹಿಡಿದವನಿಗೆ ಬೇಡ.

ಅರ್ಜಿ, ಶುಲ್ಕ, ಅಭಿವೃದ್ಧಿ ಆಕಾರ ಸಂದಾಯವಾದ ಬಳಿಕ ಅರವತ್ತು ದಿನಗಳೊಳಗೆ ನಿರ್ಣಯ ಬರಬೇಕು. ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದು ಅಧಿನಿಯಮದ ೪೫ನೆಯ ಕಲಮು ಹೇಳುತ್ತದೆ. ಇದನ್ನು ಅನೇಕರು ಬಲ್ಲರು. ಆದರೆ ನಕಾಶೆಯು ನಿಯಮಗಳಿಗೆ ಸಂಪೂರ್ಣವಾಗಿ ಹೊಂದಿದ್ದರೆ ಮಾತ್ರ ಹಾಗೆ ಭಾವಿಸಬಹುದೆಂಬ ಷರತ್ತನ್ನು ಬಲ್ಲವರು ಕಡಿಮೆ. ೨೦೨೦ರ ನಿಯಮಾವಳಿಯು ಸಣ್ಣ ಮನೆಗಳಿಗೆ ದಾರಿಯನ್ನು ಸುಗಮಗೊಳಿಸಿತು. ೧೫೦ ಚದರ ಮೀಟರಿನವರೆಗಿನ ನಿವೇಶನವಾದರೆ, ಅರ್ಹನ ರುಜುವುಳ್ಳ ನಕಾಶೆಯನ್ನು ಸಲ್ಲಿಸಿ ಹಣ ತುಂಬಿದ ರಸೀದಿಯೇ ಪರವಾನಿಗೆ; ೧೫೦ರಿಂದ ೩೦೦ ಚದರ ಮೀಟರಿನವರೆಗಾದರೆ ಹತ್ತು ದಿನಗಳಲ್ಲಿ ಪರವಾನಿಗೆ. ಸರಕಾರವು ಪರಿಶೀಲನೆಯ ಭಾರವನ್ನು ಇಳಿಸಿಕೊಂಡಷ್ಟೂ ಅದು ರುಜು ಹಾಕಿದವನ ಮೇಲೆಯೂ ಮಾಲೀಕನ ಮೇಲೆಯೂ ಬಿದ್ದಿತೆಂಬುದನ್ನು ಮರೆಯಬಾರದು.

ಅನಂತರ ಆರಂಭಪತ್ರ, ಪ್ಲಿಂತಿನ ಮಟ್ಟದಲ್ಲಿ ತಪಾಸಣೆ, ಪೂರ್ಣತೆಯ ಪತ್ರ, ಕಡೆಗೆ ವಾಸದ ಅನುಮತಿಪತ್ರ ಹೀಗೆ ಹಂತಗಳಿವೆ. ಪ್ಲಿಂತಿನ ತಪಾಸಣೆಗೆ ಈ ತಾಲೂಕಿನಲ್ಲಿ ವಿಶೇಷ ಮಹತ್ವವಿದೆ. ಇಲ್ಲಿಯ ನೆಲ ಬಹುಮಟ್ಟಿಗೆ ಧಾರವಾಡದ ಎರೆಯಂತೆಯೇ ಕಪ್ಪು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಪಾಯವು ಎರೆಯನ್ನು ದಾಟಿ ಮುರುಮಿನವರೆಗೆ ಇಳಿಯದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಗೋಡೆ ಸೀಳುತ್ತದೆ. ಆದರೆ ಅಧಿಕಾರಿಯು ಪ್ಲಿಂತಿನಲ್ಲಿ ಮುಖ್ಯವಾಗಿ ನೋಡುವುದು ಗಡಿಯಿಂದ ಬಿಟ್ಟ ಅಂತರವನ್ನು, ಕಟ್ಟಡದ ಅಳತೆಯನ್ನು. ಮಣ್ಣಿನಡಿ ಮುಚ್ಚಿಹೋದ ಪಾಯದ ಆಳವನ್ನು ಬಲ್ಲವನು ಗೌಂಡಿ ಒಬ್ಬನೇ.

೫

ನದಿಯ ವಿಚಾರವು ಈ ತಾಲೂಕಿನಲ್ಲಿ ಸ್ಥಳೀಯ ನಿಯಮದ ಅರ್ಥವನ್ನು ಚೆನ್ನಾಗಿ ತೋರಿಸುತ್ತದೆ. ಮಹಾರಾಷ್ಟ್ರದಲ್ಲಿ ಪ್ರವಾಹಕ್ಕೆ ಎರಡು ರೇಖೆಗಳನ್ನು ಗುರುತಿಸುತ್ತಾರೆ. ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆ ಬರಬಹುದಾದ ಮಹಾಪೂರದ ಮಟ್ಟ ನೀಲಿ ರೇಖೆ. ನೂರು ವರ್ಷಗಳಲ್ಲಿ ಒಮ್ಮೆ ಬರಬಹುದಾದುದರ ಮಟ್ಟ ಕೆಂಪು ರೇಖೆ. ನದಿಗೂ ನೀಲಿ ರೇಖೆಗೂ ನಡುವೆ ಉದ್ಯಾನ, ಬಯಲು ಸಂತೆ ಮುಂತಾದ ತೆರೆದ ಬಳಕೆಗಳನ್ನು ಬಿಟ್ಟು ಕಟ್ಟಡವು ನಿಷಿದ್ಧ. ನೀಲಿಗೂ ಕೆಂಪಿಗೂ ನಡುವೆ ನಿರ್ಬಂಧಗಳೊಡನೆ ಕಟ್ಟಬಹುದು. ಆದರೆ ಕೆಂಪು ರೇಖೆಯ ಮಟ್ಟಕ್ಕಿಂತ ೦.೪೫ ಮೀಟರು ಎತ್ತರವನ್ನು ಕಾಯ್ದುಕೊಳ್ಳಬೇಕು.

೨೦೧೬ರ ಆಗಸ್ಟಿನಲ್ಲಿ ಒಮ್ಮೆ, ೨೦೧೯ರ ಆಗಸ್ಟಿನಲ್ಲಿ ಮತ್ತೊಮ್ಮೆ, ಗೋದಾವರಿಯ ನೀರು ಇದೇ ತಾಲೂಕಿನ ಚಾಂದೋರಿ ಮತ್ತು ಸಾಯಖೇಡಾ ಊರುಗಳೊಳಗೆ ನುಗ್ಗಿತು. ಕಾಗದದ ಮೇಲಿನ ಎರಡು ಬಣ್ಣದ ಗೆರೆಗಳು ಏನನ್ನು ಹೇಳುತ್ತವೆಂಬುದು ಆಗ ಅಂಗಡಿಕಾರರಿಗೂ ಮನೆವಂತರಿಗೂ ಅರ್ಥವಾಯಿತು. ಹಳೆಯ ಗಾವಠಾಣಗಳು ನದಿಯ ದಂಡೆಯಲ್ಲಿಯೇ ಬೆಳೆದುವು. ಹಿಂದಿನವರ ವಾಡೆಗಳಿಗೆ ಎತ್ತರದ ಕಲ್ಲಿನ ಜಗತಿಯಿತ್ತು. ನಕಾಶೆಯಲ್ಲಿ ಬರೆದ ಪ್ಲಿಂತಿನ ಎತ್ತರದಿಂದ ಎರಡು ಸಾಲು ಇಟ್ಟಿಗೆಯನ್ನು ಉಳಿಸುವ ಗುತ್ತಿಗೆದಾರನು ಕೆಲವು ಸಾವಿರ ರೂಪಾಯಿಗಳನ್ನು ಉಳಿಸಿ ಮನೆಯೊಳಕ್ಕೆ ನದಿಗೆ ದಾರಿ ಮಾಡಿಕೊಡುತ್ತಾನೆ.

ಗೋದಾವರಿ ಮತ್ತು ಕಾದವಾ ಕೂಡುವ ನಾಂದೂರ ಮಧಮೇಶ್ವರದಲ್ಲಿ ಬ್ರಿಟಿಷರ ಕಾಲದ ಒಡ್ಡಿನ ಹಿನ್ನೀರು ಪಕ್ಷಿಧಾಮವಾಗಿದೆ. ೨೦೨೦ರಲ್ಲಿ ಅದು ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಆ ಗೌರವವು ದೊರೆತ ಮಹಾರಾಷ್ಟ್ರದ ಮೊದಲನೆಯ ಸ್ಥಳವದು. ಅದರ ಆಸುಪಾಸಿನಲ್ಲಿ ಕಟ್ಟಬಯಸುವವನು ನಗರ ರಚನೆಯ ನಿಯಮಗಳ ಜೊತೆಗೆ ಅರಣ್ಯ ಇಲಾಖೆಯ ನಿರ್ಬಂಧಗಳನ್ನೂ ವಿಚಾರಿಸಿಕೊಳ್ಳಬೇಕಾಗುತ್ತದೆ.

೬

ಇನ್ನು ವ್ಯಕ್ತಿಯ ಪರವಾನಿಗೆಯ ವಿಚಾರ. ಗುತ್ತಿಗೆದಾರನ ನೋಂದಣಿ ಎಂದು ಸಾಮಾನ್ಯವಾಗಿ ಹೇಳುವುದು ಲೋಕೋಪಯೋಗಿ ಇಲಾಖೆಯ ನೋಂದಣಿಯನ್ನು. ಅದು ಸರಕಾರದ ಹಣದಿಂದ ನಡೆಯುವ ಕೆಲಸಗಳಿಗೆ ಮಾತ್ರ ಸಂಬಂಧಿಸಿದ್ದು. ಗುತ್ತಿಗೆದಾರರನ್ನು ದರ್ಜೆಗಳಾಗಿ ವಿಂಗಡಿಸಿ, ಪ್ರತಿಯೊಂದು ದರ್ಜೆಯವನು ಎಷ್ಟು ಮೊತ್ತದ ಕೆಲಸದವರೆಗೆ ಟೆಂಡರು ತುಂಬಬಹುದೆಂದು ಗೊತ್ತುಪಡಿಸಿರುತ್ತದೆ. ಅರ್ಜಿದಾರನು ಹಿಂದೆ ಮುಗಿಸಿದ ಕೆಲಸಗಳ ಪ್ರಮಾಣಪತ್ರ, ಯಂತ್ರಸಾಮಗ್ರಿಯ ಯಾದಿ, ತಾಂತ್ರಿಕ ಸಿಬ್ಬಂದಿಯ ವಿವರ, ತೆರಿಗೆಯ ದಾಖಲೆ ಮತ್ತು ಬ್ಯಾಂಕಿನ ಸಾಲ್ವೆನ್ಸಿ ಸರ್ಟಿಫಿಕೇಟನ್ನು ಒದಗಿಸಬೇಕು. ಸಾಲ್ವೆನ್ಸಿಯೆಂದರೆ ಈತನು ಇಷ್ಟು ಮೊತ್ತದ ಹೊಣೆಯನ್ನು ತಾಳಬಲ್ಲನೆಂಬ ಬ್ಯಾಂಕಿನ ಅಭಿಪ್ರಾಯ. ಮರಾಠಿಯಲ್ಲಿ ಅದನ್ನು ಐಪತ್ ಎನ್ನುತ್ತಾರೆ. ಕೆಲಸ ದೊರೆತ ಬಳಿಕ ಭದ್ರತಾ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ, ಮುಗಿದ ಬಳಿಕ ದೋಷಗಳನ್ನು ಸರಿಪಡಿಸಿಕೊಡಬೇಕಾದ ಗೊತ್ತಾದ ಅವಧಿ, ಇವೆಲ್ಲ ಸರಕಾರವು ತನ್ನನ್ನು ರಕ್ಷಿಸಿಕೊಳ್ಳುವ ಸಾಧನಗಳು. ಗ್ಯಾರಂಟಿಯ ಹಣವನ್ನು ಇಲಾಖೆ ಕೇಳಿದೊಡನೆ, ಗುತ್ತಿಗೆದಾರನ ತಕರಾರಿಗೆ ಕಾಯದೆ, ಬ್ಯಾಂಕು ಕೊಡಲೇಬೇಕು. ಖಾಸಗಿ ಮನೆಯ ಮಾಲೀಕನಿಗೆ ಇವುಗಳಲ್ಲಿ ಒಂದೂ ಇಲ್ಲ.

ಈ ಬಾಗಿಲಿನಿಂದ ಒಳಗೆ ಬರಲು ಸಣ್ಣ ಗೌಂಡಿಗೆ ಇರುವ ಅಡ್ಡಿಯನ್ನು ಬ್ಯಾಂಕಿನ ಖಾತೆಯ ಪುಟವು ಸ್ಪಷ್ಟವಾಗಿ ತೋರಿಸುತ್ತದೆ. ಖಾಸಗಿ ಮನೆಯ ಕೆಲಸಕ್ಕೆ ಹಣವು ಬಹುಶಃ ನಗದಾಗಿ, ವಾರದ ಸಂತೆಯ ದಿನ ಸಲ್ಲುತ್ತದೆ. ಹತ್ತು ಮನೆಗಳನ್ನು ಕಟ್ಟಿದವನ ಖಾತೆಯಲ್ಲಿ ಒಂದು ಮನೆಯ ಗುರುತೂ ಇರುವುದಿಲ್ಲ. ಗುರುತಿಲ್ಲದವನಿಗೆ ಬ್ಯಾಂಕು ಸಾಲ್ವೆನ್ಸಿ ಕೊಡಲಾರದು; ಸಾಲ್ವೆನ್ಸಿಯಿಲ್ಲದವನನ್ನು ಇಲಾಖೆ ನೋಂದಾಯಿಸಲಾರದು; ನೋಂದಣಿಯಿಲ್ಲದವನಿಗೆ ಪ್ರಮಾಣಪತ್ರ ದೊರೆಯುವ ಕೆಲಸ ಸಿಗಲಾರದು. ಈ ಚಕ್ರವನ್ನು ಮುರಿಯಲೆಂದು ಮಹಾರಾಷ್ಟ್ರವು ಎರಡು ಕಿರುದಾರಿಗಳನ್ನು ತೆರೆದಿದೆ. ನಿರುದ್ಯೋಗಿ ಎಂಜಿನಿಯರುಗಳಿಗೂ ಮಜೂರ ಸಹಕಾರಿ ಸಂಸ್ಥೆಗಳಿಗೂ ಸಣ್ಣ ಸರಕಾರೀ ಕೆಲಸಗಳಲ್ಲಿ ಪಾಲನ್ನು ಮೀಸಲಿಟ್ಟಿದೆ. ಮೊದಲನೆಯದು ಪದವಿ ಅಥವಾ ಡಿಪ್ಲೊಮಾ ಇದ್ದವರಿಗೆ. ಓದಿಲ್ಲದ ಗೌಂಡಿಗೆ ಉಳಿದಿರುವುದು ಎರಡನೆಯದೊಂದೇ. ಅದೂ ಊರಿನ ಸಹಕಾರಿ ಸಂಸ್ಥೆಯಲ್ಲಿ ಸದಸ್ಯನಾಗುವಷ್ಟು ಕಾಲ ಒಂದೆಡೆ ನೆಲೆನಿಂತವನಿಗೆ. ಹೊರನಾಡಿನಿಂದ ಬಂದು ಕೆಲಸವಿದ್ದಲ್ಲಿ ಹೋಗುವ ಒಡ್ಡರಿಗೆ, ವಿಜಾಪುರ ಕಲಬುರಗಿಗಳಿಂದ ಬರುವ ಕೂಲಿಗಳಿಗೆ ಆ ನೆಲೆ ಸುಲಭವಾಗಿ ದೊರೆಯುವುದಿಲ್ಲ. ಒಡ್ಡರ ಸ್ಥಿತಿಯು ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಭೋವಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಮಹಾರಾಷ್ಟ್ರದಲ್ಲಿ ವಡಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಗಡಿಯನ್ನು ದಾಟಿದವನ ಪ್ರಮಾಣಪತ್ರವು ಗಡಿಯಲ್ಲಿಯೇ ನಿಂತುಬಿಡುತ್ತದೆ.

ಬೇರೆ ಕಾಯಿದೆಗಳು ಬೇರೆ ಬೇರೆ ಪಾತ್ರಧಾರಿಗಳನ್ನು ಹಿಡಿಯುತ್ತವೆ. ವಿದ್ಯುತ್ತಿನ ತಂತಿಯನ್ನು ಎಳೆಯುವವನಿಗೆ ೧೯೫೬ರ ವಿದ್ಯುತ್ ನಿಯಮಗಳ ಕಾಲದಿಂದಲೂ ಲೈಸೆನ್ಸು ಬೇಕು. ೨೦೧೬ರ ಸ್ಥಿರಾಸ್ತಿ ಕಾಯಿದೆಯು, ಸಾಮಾನ್ಯರು ರೇರಾ ಎನ್ನುವುದು, ೫೦೦ ಚದರ ಮೀಟರಿಗಿಂತ ಹೆಚ್ಚಿನ ಭೂಮಿಯ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ಮಾರುವ ಪ್ರವರ್ತಕನನ್ನು ನೋಂದಾಯಿಸುತ್ತದೆ. ರಚನೆಯ ದೋಷಕ್ಕೆ ಐದು ವರ್ಷ ಅವನನ್ನು ಹೊಣೆ ಮಾಡುತ್ತದೆ. ಸ್ವಂತ ಮನೆಯನ್ನು ಕಟ್ಟಿಸುವವನಿಗೂ ಅವನ ಗುತ್ತಿಗೆದಾರನಿಗೂ ಅದು ಅನ್ವಯಿಸುವುದಿಲ್ಲ. ಗುತ್ತಿಗೆದಾರನ ಲೈಸೆನ್ಸು ಎಂಬ ಹೆಸರು ನಿಜವಾಗಿ ಸಲ್ಲುವುದು ಕಾರ್ಮಿಕ ಕಾನೂನಿನಲ್ಲಿ. ೧೯೭೦ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಸ್ಥಾನದಲ್ಲಿ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಸಂಹಿತೆಯು ಐವತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರನ್ನು ತೊಡಗಿಸುವವನಿಗೆ ಲೈಸೆನ್ಸನ್ನು ವಿಧಿಸುತ್ತದೆ. ಅದು ಕೂಲಿಯ ಸಂದಾಯವನ್ನು ನೋಡುತ್ತದೆ, ಗೋಡೆಯ ನೇರವನ್ನಲ್ಲ. ಹತ್ತು ಹನ್ನೆರಡು ಜನರೊಡನೆ ಕೆಲಸ ಮಾಡುವ ನಿಫಾಡಿನ ಗೌಂಡಿಯು ಅದರ ಎಣಿಕೆಗೆ ಬರುವುದೇ ಇಲ್ಲ.

೭

ಹಾಗಾದರೆ ಕಾನೂನು ಈ ಮನುಷ್ಯನನ್ನು ಎಲ್ಲಿಯೂ ಕಾಣುವುದಿಲ್ಲವೆ? ಒಂದು ಕಡೆ ಕಾಣುತ್ತದೆ. ನಗರ ರಚನಾ ಅಧಿನಿಯಮದ ೫೨ನೆಯ ಕಲಮು, ಅನುಮತಿಯಿಲ್ಲದೆ ಅಥವಾ ಅನುಮತಿಯನ್ನು ಮೀರಿ ಕಟ್ಟಡವನ್ನು ಆರಂಭಿಸುವ ಅಥವಾ ನಡೆಸುವ ಯಾವ ವ್ಯಕ್ತಿಯನ್ನಾದರೂ ಶಿಕ್ಷೆಗೆ ಗುರಿ ಮಾಡುತ್ತದೆ. ಆತನು ಅದನ್ನು ತನ್ನ ಇಚ್ಛೆಯಿಂದ ಮಾಡಲಿ, ಬೇರೊಬ್ಬರ ಮಾತಿನಂತೆ ಮಾಡಲಿ. ಶಿಕ್ಷೆಯಲ್ಲಿ ಕಾರಾಗೃಹವಾಸವೂ ಸೇರಿದೆ. ಮಾಲೀಕನು ಹೇಳಿದಂತೆ ಕಟ್ಟಿದೆ ಎಂಬ ಸಮಾಧಾನವು ಗೌಂಡಿಯನ್ನು ಉಳಿಸುವುದಿಲ್ಲ. ಅನುಮತಿಪತ್ರದಲ್ಲಿ ಆತನ ಹೆಸರಿಗೆ ಸ್ಥಾನವಿಲ್ಲ, ಅಪರಾಧಪತ್ರದಲ್ಲಿ ಸ್ಥಾನವಿದೆ. ಕಾರುಕರನ್ನು ಕಂಟಕಶೋಧನದಲ್ಲಿ ಇರಿಸಿದ ಹಳೆಯ ಕ್ರಮವು ಬೇರೊಂದು ರೂಪದಲ್ಲಿ ಇಲ್ಲಿ ಮರಳಿ ಬಂದಂತಿದೆ. ಆದರೆ ಹೊಣೆ ನಿಲ್ಲುವ ಶ್ರೇಣಿ ಮರಳಿ ಬಂದಿಲ್ಲ.

ಹಣದ ದೃಷ್ಟಿಯಿಂದಲೂ ಆತನ ನೆಲೆ ದುರ್ಬಲ. ಕಾನೂನು ನಿಷೇಧಿಸಿದ ಉದ್ದೇಶದ ಕರಾರು ೧೮೭೨ರ ಕರಾರು ಕಾಯಿದೆಯ ೨೩ನೆಯ ಕಲಮಿನಂತೆ ನಿರರ್ಥಕ. ಪರವಾನಿಗೆಯಿಲ್ಲದ ಮಹಡಿಯ ಕೂಲಿಗಾಗಿ ನ್ಯಾಯಾಲಯದ ಮೆಟ್ಟಲು ಹತ್ತುವವನು ಮೊದಲು ಆ ಮಹಡಿಯನ್ನೇ ಸಮರ್ಥಿಸಬೇಕಾಗುತ್ತದೆ. ಮಾಲೀಕನ ಸ್ಥಿತಿ ಇದಕ್ಕಿಂತ ತುಸು ಮೇಲು. ೧೯೯೩ರ ತಿದ್ದುಪಡಿಯಿಂದ ಗೃಹನಿರ್ಮಾಣವು ಗ್ರಾಹಕ ಕಾಯಿದೆಯಲ್ಲಿ ಸೇವೆಯೆಂದು ಪರಿಗಣಿತವಾಯಿತು. ೨೦೧೯ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಬರವಣಿಗೆಯ ಕರಾರೂ ಹಣ ಕೊಟ್ಟ ಗುರುತೂ ಇಲ್ಲದವನಿಗೆ ಆ ದಾರಿಯೂ ಕಠಿನ. ಬ್ಯಾಂಕುಗಳ ಮಟ್ಟಿಗಾದರೋ, ದಿಲ್ಲಿ ಉಚ್ಚ ನ್ಯಾಯಾಲಯದ ಆದೇಶವನ್ನನುಸರಿಸಿ ರಿಸರ್ವ್ ಬ್ಯಾಂಕು ೨೦೦೬ರಲ್ಲಿ ಕೊಟ್ಟ ಸೂಚನೆಯಂತೆ, ಮಂಜೂರಾದ ನಕಾಶೆಯನ್ನು ಕಾಣದೆ ಮನೆ ಕಟ್ಟಲು ಸಾಲ ಕೊಡುವಂತಿಲ್ಲ. ಸಾಲದ ಕಂತುಗಳು ಪಾಯ, ಪ್ಲಿಂತ್, ಚಾವಣಿ ಎಂಬ ಹಂತಗಳನ್ನು ನೋಡಿ ಬಿಡುಗಡೆಯಾಗುತ್ತವೆ. ಸಣ್ಣ ಊರುಗಳಲ್ಲಿ ಕಟ್ಟಡವನ್ನು ಹಂತಹಂತವಾಗಿ ನೋಡುವ ಹೊರಗಿನ ಕಣ್ಣು ಅನೇಕ ವೇಳೆ ಬ್ಯಾಂಕಿನದೊಂದೇ ಆಗಿರುತ್ತದೆ.

೮

ಬೇರೆ ದೇಶಗಳಲ್ಲಿ ಗುತ್ತಿಗೆದಾರನಿಗೇ ಲೈಸೆನ್ಸು ಕೊಡುವ ಪದ್ಧತಿಯುಂಟು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೨೯ರಿಂದ ಇದಕ್ಕಾಗಿಯೇ ಒಂದು ಮಂಡಳಿಯಿದೆ. ನಾಲ್ಕು ವರ್ಷಗಳ ಅನುಭವ, ಪರೀಕ್ಷೆ, ಜಾಮೀನಿನ ಮುಚ್ಚಳಿಕೆ ಇವುಗಳಿಲ್ಲದೆ ಅಲ್ಲಿ ಯಾರೂ ಅಲ್ಪ ಮೊತ್ತವನ್ನು ಮೀರಿದ ಕೆಲಸವನ್ನು ಒಪ್ಪಿಕೊಳ್ಳುವಂತಿಲ್ಲ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ, ಗುತ್ತಿಗೆದಾರನ ಲೈಸೆನ್ಸಿನ ಸಂಖ್ಯೆಯನ್ನು ತಾಳೆನೋಡಿ ಕೆಲಸವೊಪ್ಪಿಸುವುದು ನಿತ್ಯದ ಮಾತು.

ಅದನ್ನು ಹಾಗೆಯೇ ಇಲ್ಲಿಗೆ ತರಬೇಕೆನ್ನುವುದು ಅವಸರದ ಮಾತಾದೀತು. ಪರೀಕ್ಷೆಯ ಭಾಷೆ ಯಾವುದು, ಶುಲ್ಕವನ್ನು ತೆರುವವರು ಯಾರು, ಅಕ್ಷರ ಬಾರದ ಕುಶಲ ಗೌಂಡಿಯ ಗತಿಯೇನು ಎಂಬ ಪ್ರಶ್ನೆಗಳು ಏಳುತ್ತವೆ. ಲೈಸೆನ್ಸು ಪಡೆದವನು ಹೆಸರನ್ನು ಮಾರಿಕೊಂಡು, ಪಡೆಯದವನು ಕೆಲಸವನ್ನು ಮಾಡುವ ವ್ಯಾಪಾರವು ನಕಾಶೆಯ ರುಜುಗಳ ವಿಷಯದಲ್ಲಿ ಅಪರಿಚಿತವೇನಲ್ಲ. ಇದಕ್ಕಿಂತ ಸರಳವಾದ ಕ್ರಮವೊಂದು ನಗರ ಪಂಚಾಯತಿಯ ಕೈಯಲ್ಲಿಯೇ ಇದೆ. ಆರಂಭಪತ್ರದಲ್ಲಿಯೂ ಪೂರ್ಣತೆಯ ಪತ್ರದಲ್ಲಿಯೂ ಕಟ್ಟಿದವನ ಹೆಸರನ್ನು ಬರೆದು, ಅವುಗಳ ಯಾದಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟರೆ ಸಾಕು. ಕೆಲವು ವರ್ಷಗಳಲ್ಲಿ ಪ್ರತಿಯೊಬ್ಬ ಗೌಂಡಿಗೂ ಒಂದು ಚರಿತ್ರೆ ದೊರೆಯುತ್ತದೆ. ಮಾಲೀಕನು ಅದನ್ನು ಓದಬಲ್ಲ, ಬ್ಯಾಂಕು ನಂಬಬಲ್ಲದು, ಇಲಾಖೆ ಎಣಿಸಬಲ್ಲದು.

ಅಲ್ಲಿಯವರೆಗೆ ಉಭಯತರೂ ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕು. ಮಾಲೀಕನು ಗುತ್ತಿಗೆದಾರನ ಪರವಾನಿಗೆಯನ್ನು ಕೇಳುವುದಕ್ಕಿಂತ, ಆತನು ಮೂರು ಮಳೆಗಾಲಗಳ ಹಿಂದೆ ಕಟ್ಟಿದ ಮನೆಯನ್ನು ಹೋಗಿ ನೋಡುವುದು ಹೆಚ್ಚು ಫಲಕಾರಿ. ಮಂಜೂರಾದ ನಕಾಶೆಯ ಸಂಖ್ಯೆಯನ್ನು ಕಾಣಿಸಿದ ಬರವಣಿಗೆಯ ಕರಾರು, ಪಾಯದ ಆಳ ಮತ್ತು ಪ್ಲಿಂತಿನ ಎತ್ತರದ ಸ್ಪಷ್ಟ ಉಲ್ಲೇಖ, ಪ್ರತಿಯೊಂದು ಕಂತೂ ಬ್ಯಾಂಕಿನ ಮೂಲಕ, ಕೊನೆಯ ಕಂತಿನ ಒಂದು ಭಾಗ ಮೊದಲ ಮಳೆಗಾಲ ಕಳೆದ ಮೇಲೆ ಎಂಬ ಷರತ್ತು, ಇಷ್ಟಿದ್ದರೆ ಸರಕಾರವು ತನಗಾಗಿ ಇಟ್ಟುಕೊಂಡ ರಕ್ಷಣೆಯ ಬಹುಭಾಗ ಅವನಿಗೂ ದೊರೆಯುತ್ತದೆ. ಗುತ್ತಿಗೆದಾರನಾದರೂ ಆರಂಭಪತ್ರದ ಒಂದು ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳದೆ ಗುದ್ದಲಿಯನ್ನು ನೆಲಕ್ಕೆ ತಾಗಿಸಬಾರದು; ನಕಾಶೆಯನ್ನು ಮೀರಿ ಇನ್ನೊಂದು ಕೋಣೆಯನ್ನೆಬ್ಬಿಸೆಂದು ಮಾಲೀಕನು ಹೇಳಿದರೆ ಬರೆದ ಅನುಮತಿಯನ್ನು ಕೇಳಬೇಕು. ತನ್ನಲ್ಲಿ ದುಡಿದವರಿಗೆ ತೊಂಬತ್ತು ದಿನಗಳ ಕೆಲಸದ ಪ್ರಮಾಣಪತ್ರವನ್ನು ಬರೆದುಕೊಡಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ಹೆಸರು ದಾಖಲಾಗಲು ಅದೇ ಆಧಾರ.

ಮನೆಯು ಮಾಲೀಕನ ಹೆಸರಿನಲ್ಲಿ ಉತಾರವನ್ನೇರುತ್ತದೆ. ನಕಾಶೆಯು ಎಂಜಿನಿಯರನ ಹೆಸರಿನಲ್ಲಿ ದಫ್ತರವನ್ನು ಸೇರುತ್ತದೆ. ಪಾಯದ ಆಳವನ್ನು ಬಲ್ಲವನ ಹೆಸರನ್ನು ಬರೆಯಲು ಒಂದು ಅಂಕಣವನ್ನು ತೆರೆಯುವುದು ಹೆಚ್ಚಿನ ವೆಚ್ಚದ ಸುಧಾರಣೆಯಲ್ಲ. ಅದು ಆಗುವವರೆಗೂ ಪರವಾನಿಗೆ ಎಂಬ ಮಾತನ್ನು ಕೇಳಿದಾಗಲೆಲ್ಲ, ಯಾರಿಗೆ, ಯಾವುದಕ್ಕೆ, ಯಾರು ಕೊಟ್ಟುದು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಜಾಣತನ.